ಕೊಟ್ಟವರು ಕೋಡಂಗಿ ಆಗದಿರಲಿ

2025ರ ಮಾರ್ಚ್ ತಿಂಗಳಲ್ಲಿ ನಮ್ಮ ಬೆಳಗಾವಿಯ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಬರಬಾರದ ಕಾರಣಕ್ಕೆ ಬಂತು. ಬಿಮ್ಸ್ ಎಂದು ನಾವೆಲ್ಲ ಕರೆಯುವ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೊಂದರಲ್ಲೇ, ಮಕ್ಕಳು ಬಿಟ್ಟು ಹೋದ ವೃದ್ಧರ 150ಕ್ಕೂ ಹೆಚ್ಚು ಪ್ರಕರಣಗಳಿವೆ ಎಂಬುದು ಆ ಸುದ್ದಿ. ರಾಜ್ಯದ ಉಳಿದ ವೈದ್ಯಕೀಯ ಸಂಸ್ಥೆಗಳಲ್ಲಿ ಇಂಥವು ಇನ್ನೂ ನೂರಕ್ಕೂ ಮಿಕ್ಕಿ ಇದ್ದವು. ಚಿಕಿತ್ಸೆಗೆಂದು ಕರೆತಂದು ಮಂಚದ ಮೇಲೆ ಮಲಗಿಸಿ ಹೋದವರು ತಿರುಗಿ ಬರಲೇ ಇಲ್ಲ. ಆಸ್ತಿ ಮಕ್ಕಳ ಹೆಸರಿಗೆ ಆದ ಮೇಲೆ ನಮಗೆ ಈ ಗತಿ ಬಂತು ಎಂದು ಅವರಲ್ಲಿ ಅನೇಕರು ಆಸ್ಪತ್ರೆಯ ಸಿಬ್ಬಂದಿಗೆ ಹೇಳಿದ್ದರು. ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು, ಇಂಥ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಿ, ಅವರಿಗೆ ಬರೆದುಕೊಟ್ಟ ಉಯಿಲು, ದಾನಪತ್ರಗಳನ್ನು ರದ್ದು ಮಾಡಿಸಿ ಎಂದು ಸಂಸ್ಥೆಗಳ ಮುಖ್ಯಸ್ಥರಿಗೆ ತಿಳಿಸಲು ಸೂಚಿಸಿದರು.

ಸುದ್ದಿ ಓದಿದ ಬಹಳ ಮಂದಿ ಹಿರಿಯರಿಗೆ ಸಮಾಧಾನವಾಯಿತು. ‘ಹಂಗಾರ ಕೊಟ್ಟದ್ದನ್ನ ತಿರುಗಿ ತಗೋಬಹುದು’ ಎಂದುಕೊಂಡರು. ಆದರೆ ಅದು ಅಷ್ಟು ಸುಲಭವಲ್ಲ. ಕೊಟ್ಟ ಆಸ್ತಿ ತಿರುಗಿ ಬರುತ್ತದೋ ಇಲ್ಲವೋ ಎಂಬುದು ಬಹಳ ಸಲ ಪತ್ರದೊಳಗಿನ ಒಂದೇ ಸಾಲಿನ ಮೇಲೆ ನಿಂತಿರುತ್ತದೆ. ಆ ಸಾಲು ಯಾವುದು ಎಂದು ಅಜ್ಜ-ಅಜ್ಜಿಯರಿಗೂ ಗೊತ್ತಿರಬೇಕು, ಅವರಿಗೆ ಕಾಗದ ಓದಿ ಹೇಳುವ ಮೊಮ್ಮಕ್ಕಳಿಗೂ ಗೊತ್ತಿರಬೇಕು.

ಕಾಗದದ ಜಗಳ ನಮಗೆ ಹೊಸದಲ್ಲ

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಸೀಮೆಯ ಇತಿಹಾಸವನ್ನೇ ನೋಡಿರಿ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ದತ್ತು ತೆಗೆದುಕೊಂಡಿದ್ದಾನೆ ಎಂದು ಅರಮನೆಯವರು ಪತ್ರ ತೋರಿಸಿದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದರ ಮೇಲಿನ ಸಹಿಯನ್ನು ನಂಬಲಿಲ್ಲ. ಆ ಅನುಮಾನ ಬೆಳೆದು ಅಕ್ಟೋಬರ್ 23ರಂದು ಯುದ್ಧವಾಯಿತು, ಥ್ಯಾಕರೆ ಅದರಲ್ಲೇ ಸತ್ತ. ರಾಣಿ ಚೆನ್ನಮ್ಮನ ಕಥೆ ಎಲ್ಲ ಮಕ್ಕಳಿಗೂ ಗೊತ್ತು, ಅದರ ಬುಡದಲ್ಲಿ ಒಂದು ಕಾಗದದ ಜಗಳವಿತ್ತು ಎಂಬುದನ್ನೂ ನೆನಪಿಡಿ.

ನರಗುಂದ ಮತ್ತು ರಾಮದುರ್ಗ ಒಂದೇ ಭಾವೆ ಮನೆತನದ ಎರಡು ಕವಲುಗಳು. 1810ರಲ್ಲಿ ಪೇಶ್ವೆ ಈ ಎರಡು ಕವಲುಗಳಿಗೂ ಜಮೀನನ್ನು ಹೊಸದಾಗಿ ಹಂಚಿಕೊಟ್ಟ. ಮುಂದೆ ನರಗುಂದದ ಬಾಬಾಸಾಹೇಬನಿಗೆ ಗಂಡುಸಂತಾನ ಉಳಿಯದೆ ದತ್ತು ಕೇಳಿದಾಗ ಬ್ರಿಟಿಷರು ಒಪ್ಪಲಿಲ್ಲ. 1858ರಲ್ಲಿ ನಮ್ಮ ತಾಲೂಕಿನ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ಕೊಲೆಯಾಯಿತು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅರಸರ ಮನೆಯಲ್ಲಿ ಆಸ್ತಿ ಯಾರಿಗೆ ಎಂಬ ಪ್ರಶ್ನೆ ರಣರಂಗಕ್ಕೆ ಹೋಗುತ್ತಿತ್ತು. ನಮ್ಮ ನಿಮ್ಮ ಮನೆಗಳಲ್ಲಿ ಅದು ಕೋರ್ಟಿಗೆ ಹೋಗುತ್ತದೆ.

‘ಹೆಸರು ಹಚ್ಚೀನಿ ಅಷ್ಟ’

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂತವನಿಗೆ ಮನೆಮನೆಯ ಉತಾರಗಳು ಕಣ್ಣಿಗೆ ಬೀಳುತ್ತವೆ. ಬೆಳೆಸಾಲ ಕೊಡಬೇಕಾದರೆ ಹೊಲದ ಉತಾರ ನೋಡಲೇಬೇಕು, ಸಾಲ ಕೊಟ್ಟ ಮೇಲೆ ಅದರಲ್ಲಿ ಬೋಜಾ ಕೂರಿಸಲೇಬೇಕು. ಒಂದು ಮುಂಗಾರಿನಲ್ಲಿ ಮಲಪ್ರಭೆ ದಂಡೆಯ ಹಳ್ಳಿಯ ಅಜ್ಜನೊಬ್ಬ ಸಾಲ ಹೊಸದು ಮಾಡಿಸಲು ಬಂದಿದ್ದ. ಹೊಸ ಉತಾರ ತೆಗೆಸಿ ನೋಡಿದರೆ ಅವನ ಹೆಸರೇ ಇಲ್ಲ, ನಾಲ್ಕು ಎಕರೆ ಎರಿಹೊಲ ಪೂರ್ತಿ ಹಿರಿಮಗನ ಹೆಸರಿನಲ್ಲಿದೆ.

“ಅಜ್ಜಾರ, ಹೊಲ ಮಗನ ಹೆಸರಿಗೆ ಆಗೇತಲ್ಲರೀ” ಎಂದೆ.

“ಹೆಸರು ಹಚ್ಚೀನಿ ಅಷ್ಟರೀ ಸಾಹೇಬ್ರ. ಹೊಲ ನಂದ ಐತಿ. ನಾ ಇನ್ನೂ ಜೀವಂತ ಅದೀನಲ್ಲ?” ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡಿದ್ದು ಹೆಸರು ಹಚ್ಚುವ ಕೆಲಸ ಎಂದೇ ನಂಬಿದ್ದ. ಆದರೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಅವನು ಹೆಬ್ಬೆಟ್ಟು ಒತ್ತಿದ್ದು ಬಕ್ಷೀಸ ಪತ್ರಕ್ಕೆ. ಆ ದಿನದಿಂದಲೇ ಹೊಲ ಮಗನದಾಗಿತ್ತು. ಕಿರಿಮಗನಿಗೂ ಎರಡು ಹೆಣ್ಣುಮಕ್ಕಳಿಗೂ ಈ ವಿಷಯ ಗೊತ್ತಾದದ್ದು ಆಮೇಲೆ. ಮರುವರ್ಷ ಆ ಮನೆಯಲ್ಲಿ ದೀಪಾವಳಿಗೆ ಹೆಣ್ಣುಮಕ್ಕಳು ತವರಿಗೆ ಬರಲಿಲ್ಲ ಎಂದು ಅದೇ ಊರಿನವರು ಹೇಳಿದರು.

‘ಹೆಸರು ಹಚ್ಚುವುದು’ ಎಂಬ ಈ ಮಾತು ನಮ್ಮ ಕಡೆ ಬಹಳ ಮನೆಗಳನ್ನು ಒಡೆದಿದೆ. ಹೆಸರು ಹಚ್ಚುವುದು ಬೇರೆ, ಹಕ್ಕು ಕೊಡುವುದು ಬೇರೆ.

ನಾಲ್ಕು ಪತ್ರ, ನಾಲ್ಕು ಗುಣ

ಮಕ್ಕಳೇ, ನಿಮ್ಮ ಸೈಕಲ್ಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

‘ಈ ಸೈಕಲ್ಲು ಇವತ್ತಿನಿಂದ ತಮ್ಮನದು’ ಎಂದು ಬರೆದು ಕೀಲಿ ಕೊಟ್ಟರೆ ಅದು ದಾನಪತ್ರ. ನಮ್ಮ ಕಡೆ ಇದೇ ಬಕ್ಷೀಸ ಪತ್ರ. ಕೊಟ್ಟ ಕೂಡಲೇ ಅದು ತಮ್ಮನದು. ನಾಳೆ ಅವನ ಜೊತೆ ಜಗಳವಾದರೂ ತಿರುಗಿ ಕೇಳುವಂತಿಲ್ಲ.

‘ನಾನು ಊರು ಬಿಟ್ಟು ಹೋದ ಮೇಲೆ ಸೈಕಲ್ಲು ತಮ್ಮನಿಗೆ’ ಎಂದು ಚೀಟಿ ಬರೆದು ಪೆಟ್ಟಿಗೆಯಲ್ಲಿ ಇಟ್ಟರೆ ಅದು ಮೃತ್ಯುಪತ್ರ, ಅಂದರೆ ಉಯಿಲು. ನೀವು ಇರುವವರೆಗೆ ಸೈಕಲ್ಲು ನಿಮ್ಮದೇ. ಮನಸ್ಸು ಬದಲಾದರೆ ಚೀಟಿ ಹರಿದು ಬೇರೆ ಬರೆಯಬಹುದು, ಎಷ್ಟು ಸಲ ಬೇಕಾದರೂ ಬರೆಯಬಹುದು. ಕೊನೆಯದಾಗಿ ಬರೆದದ್ದೇ ಊರ್ಜಿತ.

ಸೈಕಲ್ಲು ಮೂವರಿಗೂ ಸೇರಿದ್ದಾಗಿದ್ದು, ಒಬ್ಬರು ‘ನನ್ನ ಪಾಲು ನನಗೆ ಬೇಡ’ ಎಂದು ಉಳಿದವರಿಗೆ ಬರೆದುಕೊಟ್ಟರೆ ಅದು ಹಕ್ಕುಬಿಡುಗಡೆ ಪತ್ರ. ಮೂವರೂ ಕೂತು ‘ಇದು ನಿನಗೆ, ಅದು ನನಗೆ’ ಎಂದು ಹಂಚಿಕೊಂಡು ಬರೆದರೆ ಅದು ವಾಟ್ನಿ ಪತ್ರ, ಅಂದರೆ ವಿಭಾಗ ಪತ್ರ.

ದಾನಪತ್ರದ ಮೂಲ ನಿಯಮಗಳು 1882ರ ಸ್ವತ್ತು ಹಸ್ತಾಂತರ ಕಾಯ್ದೆಯಲ್ಲಿವೆ. ಮನೆ ಅಥವಾ ಹೊಲ ದಾನ ಕೊಡಬೇಕಾದರೆ ಪತ್ರ ನೋಂದಣಿಯಾಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು, ಕೊಡುವವರು ಬದುಕಿರುವಾಗಲೇ ಪಡೆಯುವವರು ಸ್ವೀಕರಿಸಿರಬೇಕು. ಒಮ್ಮೆ ಹೀಗೆ ಆದ ದಾನವನ್ನು, ಕೊಟ್ಟವರು ತಮ್ಮ ಮನಸ್ಸಿಗೆ ಬಂದಾಗ ರದ್ದು ಮಾಡುವಂತಿಲ್ಲ ಎಂದು ಅದೇ ಕಾಯ್ದೆಯ 126ನೇ ಕಲಂ ಹೇಳುತ್ತದೆ. ಮೋಸದಿಂದ, ಒತ್ತಾಯದಿಂದ ಬರೆಸಿಕೊಂಡಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದು. ಅದಕ್ಕೂ ವಿಷಯ ಗೊತ್ತಾದ ದಿನದಿಂದ ಮೂರು ವರ್ಷಗಳ ಅವಧಿ ಇದೆ. ಮುಸ್ಲಿಂ ಕುಟುಂಬಗಳಲ್ಲಿ ಬಾಯಿಮಾತಿನಿಂದ ಹೇಳಿ ಕಬ್ಜಾ ಕೊಡುವ ‘ಹಿಬಾ’ದ ನಿಯಮ ಬೇರೆ. ಉಯಿಲಿಗೂ ಇಬ್ಬರು ಸಾಕ್ಷಿಗಳು ಬೇಕು. ಅದರ ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು.

ಹಾಗಾದರೆ ಎಲ್ಲರೂ ದಾನಪತ್ರವನ್ನೇ ಏಕೆ ಮಾಡಿಸುತ್ತಾರೆ? ಮಕ್ಕಳಿಗೆ ಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಖರೀದಿ ಪತ್ರಕ್ಕಿಂತ ಬಹಳ ಕಡಿಮೆ. ಕೆಲಸವೂ ಒಂದೇ ದಿನದಲ್ಲಿ ಮುಗಿಯುತ್ತದೆ. ‘ನಾಳೆ ನೀವು ಇಲ್ಲದಾಗ ಜಗಳ ಬ್ಯಾಡ, ಈಗ ಮಾಡಿಬಿಡ್ರಿ’ ಎಂದು ಯಾರೋ ಹೇಳುತ್ತಾರೆ. ಅಜ್ಜನಿಗೂ ಅದು ಸರಿ ಅನ್ನಿಸುತ್ತದೆ.

ಒಂದು ಸಾಲಿನ ಬೆಲೆ

ಈಗ ಆ ಒಂದು ಸಾಲಿಗೆ ಬರೋಣ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. 60 ವರ್ಷ ತುಂಬಿದವರೆಲ್ಲ ಇದರ ಲೆಕ್ಕದಲ್ಲಿ ಹಿರಿಯ ನಾಗರಿಕರು. ಇದರ 23ನೇ ಕಲಂ ನಮಗೆ ಮುಖ್ಯ. ತನ್ನ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ಪತ್ರ ಮೋಸದಿಂದ ಆದದ್ದು ಎಂದು ತಿಳಿದು ನ್ಯಾಯಮಂಡಳಿ ಅದನ್ನು ಅನೂರ್ಜಿತ ಎಂದು ಸಾರಬಹುದು. ಕಾಯ್ದೆ ಜಾರಿಯಾದ ಮೇಲೆ ಮಾಡಿದ ಪತ್ರಗಳಿಗೆ ಇದು ಅನ್ವಯ. ‘ಷರತ್ತಿನ ಮೇಲೆ’ ಎಂಬ ಮಾತನ್ನು ಗಮನಿಸಿರಿ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹರಿಯಾಣದ ತಾಯಿಯೊಬ್ಬರು ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟು, ನಂತರ ನನ್ನನ್ನು ನೋಡಿಕೊಳ್ಳುತ್ತಿಲ್ಲ ಎಂದು ಅರ್ಜಿ ಹಾಕಿದ್ದರು. ನ್ಯಾಯಮಂಡಳಿ ಪತ್ರ ರದ್ದು ಮಾಡಿತ್ತು. 2022ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿ ಇರಲಿಲ್ಲ, ಹಾಗೊಂದು ಷರತ್ತು ಇತ್ತು ಎಂದು ಅರ್ಜಿಯಲ್ಲೂ ಹೇಳಿರಲಿಲ್ಲ ಎಂಬುದೇ ಕಾರಣ.

ಎರಡನೆಯದು ಮಧ್ಯಪ್ರದೇಶದ ಛತರಪುರದ ತಾಯಿಯೊಬ್ಬರದು. 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟರು. ಮಗ ತಾಯಿಯನ್ನು ನೋಡಿಕೊಳ್ಳುತ್ತಾನೆ ಎಂಬ ಮಾತು ಅದರಲ್ಲಿತ್ತು. ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಎಂದು ಮಗನೂ ಒಂದು ವಚನಪತ್ರ ಬರೆದುಕೊಟ್ಟಿದ್ದ. ಮುಂದೆ ಅವನು ನೋಡಿಕೊಳ್ಳಲಿಲ್ಲ ಎಂದು ತಾಯಿ ದೂರು ಕೊಟ್ಟರು. ನ್ಯಾಯಮಂಡಳಿಯಲ್ಲಿ ಗೆದ್ದು, ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಸೋತು, ಕೊನೆಗೆ 2025ರ ಜನವರಿ 2ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಫೆಬ್ರುವರಿ 28ರೊಳಗೆ ತಾಯಿಗೆ ಆಸ್ತಿಯ ಸ್ವಾಧೀನ ಕೊಡಿಸಬೇಕು ಎಂದು ಆದೇಶವಾಯಿತು.

ಇಬ್ಬರೂ ತಾಯಂದಿರೇ. ಒಬ್ಬರ ಕೈಯಲ್ಲಿ ಬರಹ ಇತ್ತು, ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ.

ನಮ್ಮ ಪತ್ರಗಳಲ್ಲಿ ‘ಪ್ರೀತಿ ವಿಶ್ವಾಸಕ್ಕಾಗಿ ಬಕ್ಷೀಸ ಕೊಟ್ಟಿರುತ್ತೇನೆ’ ಎಂಬ ಸಾಲು ತಪ್ಪದೆ ಇರುತ್ತದೆ. ‘ನನ್ನ ಹಾಗೂ ನನ್ನ ಹೆಂಡತಿಯ ಜೀವಮಾನವಿಡೀ ಊಟ, ಬಟ್ಟೆ, ವಾಸ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು’ ಎಂಬ ಸಾಲು ಇರುವುದಿಲ್ಲ. ಬರೆಸಲು ಅಜ್ಜನಿಗೆ ಸಂಕೋಚ. ‘ಮಗನ ಮ್ಯಾಲ ನಂಬಿಕಿ ಇಲ್ಲೇನು’ ಎಂದು ನಾಲ್ಕು ಜನ ಅಂದಾರು ಎಂಬ ಅಂಜಿಕೆ. ಒಳ್ಳೆಯ ಮಗನಿಗೆ ಆ ಸಾಲಿನಿಂದ ಏನೂ ತೊಂದರೆಯಿಲ್ಲ. ಅವನು ಹೇಗೂ ನೋಡಿಕೊಳ್ಳುತ್ತಾನೆ.

ಇನ್ನೊಂದು ದಾರಿಯೂ ಇದೆ. ಆಸ್ತಿಯನ್ನು ಮಕ್ಕಳಿಗೆ ಬರೆದುಕೊಟ್ಟು, ತಾವು ಬದುಕಿರುವವರೆಗೆ ಅದರಲ್ಲಿ ವಾಸಿಸುವ, ಅದರ ಬಾಡಿಗೆ ಅಥವಾ ಉತ್ಪನ್ನ ತೆಗೆದುಕೊಳ್ಳುವ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಳ್ಳಬಹುದು. ಹೀಗೆ ಉಳಿಸಿಕೊಂಡರೂ ದಾನಪತ್ರ ಸಿಂಧುವೇ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ.

ಎಲ್ಲಿಗೆ ಹೋಗಬೇಕು?

ಕರ್ನಾಟಕದಲ್ಲಿ ಈ ಕಾಯ್ದೆಯ ನ್ಯಾಯಮಂಡಳಿ ಎಂದರೆ ಉಪವಿಭಾಗಾಧಿಕಾರಿಗಳು, ಹಳಬರು ಪ್ರಾಂತ ಸಾಹೇಬರು ಎನ್ನುವವರು. ರಾಮದುರ್ಗ, ಸವದತ್ತಿ, ಕಿತ್ತೂರು, ಬೈಲಹೊಂಗಲದವರಿಗೆ ಬೈಲಹೊಂಗಲದಲ್ಲಿ ಈ ಕಚೇರಿ ಇದೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ ಹಿರಿಯರು 60 ದಿನಗಳೊಳಗೆ ಬೆಳಗಾವಿಯ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಕೊಡಬಹುದು. ಹಿರಿಯರು ತಾವೇ ಅರ್ಜಿ ಬರೆದುಕೊಡಬಹುದು, ವಕೀಲರನ್ನು ಇಡಲೇಬೇಕೆಂಬ ನಿಯಮವಿಲ್ಲ. ಆಸ್ತಿಯ ಮಾತು ಇಲ್ಲದಿದ್ದರೂ, ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳುವ ಹಕ್ಕನ್ನು ಕಾಯ್ದೆ ಕೊಟ್ಟಿದೆ. ಹಿರಿಯರನ್ನು ಎಲ್ಲಿಯಾದರೂ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ.

ಕೊಡಲು ಅದು ನಿಮ್ಮದೇ ಆಗಿರಬೇಕು

ಇಲ್ಲಿಯವರೆಗೆ ಹೇಳಿದ್ದು ಕೊಟ್ಟವರ ಕಷ್ಟ. ಉಳಿದ ಮಕ್ಕಳ ಕಷ್ಟ ಇನ್ನೊಂದಿದೆ. ತಾನು ದುಡಿದು ಕೊಂಡ ಮನೆಯನ್ನು ಅಜ್ಜ ಯಾರಿಗೆ ಬೇಕಾದರೂ ಕೊಡಬಹುದು. ಪಿತ್ರಾರ್ಜಿತ ಆಸ್ತಿ ಹಾಗಲ್ಲ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇರುತ್ತದೆ.

ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ತಂದೆಯೊಬ್ಬರು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಒಂದು ಭಾಗವನ್ನು 1980ರಲ್ಲಿ ಪ್ರೀತಿ ವಿಶ್ವಾಸಕ್ಕಾಗಿ ಎಂದು ಬೇರೊಬ್ಬರಿಗೆ ದಾನಪತ್ರ ಮಾಡಿಕೊಟ್ಟರು. ಮಗ ಕೋರ್ಟಿಗೆ ಹೋದ. ಕುಟುಂಬದ ಆಸ್ತಿಯನ್ನು ಧರ್ಮಕಾರ್ಯಕ್ಕೆ ಮಿತವಾಗಿ ಕೊಡಬಹುದು, ಬರೀ ಪ್ರೀತಿಗಾಗಿ ಕೊಡುವುದು ಧರ್ಮಕಾರ್ಯವಲ್ಲ, ಆದ್ದರಿಂದ ಈ ದಾನ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಏಪ್ರಿಲ್ 19ರಂದು. ಪತ್ರ ಬರೆದಾಗ ಹುಟ್ಟಿದ ಮಗುವಿಗೆ ಅಷ್ಟೊತ್ತಿಗೆ 42 ವರ್ಷ! ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಂತೂ ಗೊಂದಲ ಬಹಳ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಿಂದ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಲಿಂಗಾಯತರಿಗೂ ಜೈನರಿಗೂ ಇದೇ ಕಾಯ್ದೆ. ಆ ದಿನ ತಂದೆ ಬದುಕಿರಬೇಕಿತ್ತು ಎಂಬ ವಾದ ಬಹಳ ವರ್ಷ ನಡೆಯಿತು. ಹಾಗೇನೂ ಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಇತ್ಯರ್ಥ ಮಾಡಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾಗಿ ಮುಗಿದ ವಾಟ್ನಿಗಳನ್ನು ಮಾತ್ರ ಇದು ಕೆದಕುವುದಿಲ್ಲ.

ಮಕ್ಕಳೇ, ಒಂದು ಲೆಕ್ಕ ಮಾಡಿರಿ. ಅಜ್ಜ-ಅಜ್ಜಿ ಇಬ್ಬರೂ ತೀರಿಕೊಂಡಿದ್ದಾರೆ. ಪಿತ್ರಾರ್ಜಿತ ಹೊಲ 6 ಎಕರೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಎಕರೆಗೆ 40 ಗುಂಟೆಯಂತೆ ಒಟ್ಟು 240 ಗುಂಟೆ. ನಾಲ್ವರಿಗೂ ಸಮನಾಗಿ ಹಂಚಿದರೆ ತಲಾ 60 ಗುಂಟೆ, ಅಂದರೆ 1 ಎಕರೆ 20 ಗುಂಟೆ. ಗಂಡುಮಕ್ಕಳಿಬ್ಬರೇ ಹಂಚಿಕೊಂಡರೆ ತಲಾ 3 ಎಕರೆ. ಈ 3 ಎಕರೆ ಮತ್ತು ಒಂದೂವರೆ ಎಕರೆಯ ನಡುವಿನ ಅಂತರದಲ್ಲೇ ಎಷ್ಟೋ ಮನೆಗಳ ಜಗಳ ಕೂತಿದೆ.

‘ಸೀರಿ ಕುಬಸಾ ಕೊಡತೀವಿ, ಇಲ್ಲೊಂದು ಸಹಿ ಹಾಕವಾ’ ಎಂದು ಅಕ್ಕತಂಗಿಯರನ್ನು ಕರೆಸಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಮ್ಮಲ್ಲಿ ಸಾಮಾನ್ಯ. ಅಕ್ಕ ತನ್ನ ಇಷ್ಟದಿಂದ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡ ಗುಣ. ಏನು ಬಿಟ್ಟುಕೊಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಸಹಿ ಹಾಕಿದರೆ ಅದು ಮುಂದಿನ ದಾವೆಯ ಬೀಜ. ಅವಳಿಗೆ ಪತ್ರವನ್ನು ಪೂರ್ತಿ ಓದಿ ಹೇಳಿದ ಅಣ್ಣ ತಮ್ಮಂದಿರು ತಮ್ಮ ಆಸ್ತಿಯನ್ನೂ ಕಾಪಾಡಿಕೊಳ್ಳುತ್ತಾರೆ, ಅಕ್ಕನನ್ನೂ ಉಳಿಸಿಕೊಳ್ಳುತ್ತಾರೆ.

ಉತಾರ ಒಂದೇ ಸಾಲದು

ಉತಾರದಲ್ಲಿ ಹೆಸರು ಬಂದರೆ ಆಸ್ತಿ ತನ್ನದಾಯಿತು ಎಂದು ಕೆಲವರು ನಿಶ್ಚಿಂತರಾಗುತ್ತಾರೆ. ಹೆಸರು ಹೋದರೆ ಆಸ್ತಿಯೇ ಹೋಯಿತು ಎಂದು ಕೆಲವರು ಎದೆ ಒಡೆದುಕೊಳ್ಳುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಉತಾರ ಕಂದಾಯದ ದಾಖಲೆ. ಅದರಲ್ಲಿರುವುದು ತಪ್ಪೆಂದು ಸಿದ್ಧವಾಗುವವರೆಗೆ ಸರಿ ಎಂದೇ ತಿಳಿಯುತ್ತಾರೆ, ಆದರೆ ಮಾಲಕತ್ವ ಹುಟ್ಟುವುದು ಅದರಿಂದಲ್ಲ. ಖರೀದಿ, ದಾನ, ವಾಟ್ನಿ, ಉಯಿಲು ಅಥವಾ ವಾರಸಾದಿಂದ ಮಾಲಕತ್ವ ಬರುತ್ತದೆ. ಪತ್ರ ನೋಂದಣಿಯಾದ ಮೇಲೆ ಉತಾರದಲ್ಲಿ ಹೆಸರು ಬದಲಾಗುವ ಮೊದಲು ತಕರಾರು ಕೊಡಲು ಅವಕಾಶವಿರುತ್ತದೆ. ಪಾಲುದಾರರು ಆ ವೇಳೆಯಲ್ಲಿ ಸುಮ್ಮನಿದ್ದು, ಹತ್ತು ವರ್ಷದ ಮೇಲೆ ಎಚ್ಚರಾದರೆ ಕೆಲಸ ಹತ್ತು ಪಟ್ಟು ಕಷ್ಟವಾಗುತ್ತದೆ. ವರ್ಷಕ್ಕೊಮ್ಮೆ ಉತಾರ ಮತ್ತು ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ ನೋಡುವುದು ಒಳ್ಳೆಯ ರೂಢಿ.

ಸಹಿ ಮಾಡುವ ಮೊದಲು

1. ಪತ್ರದ ತಲೆಬರಹ ಓದಿಸಿ ಕೇಳಿರಿ. ಅದು ದಾನವೋ, ಹಕ್ಕುಬಿಡುಗಡೆಯೋ, ವಾಟ್ನಿಯೋ, ಉಯಿಲೋ?

2. ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನು ಹಳೆಯ ಕಾಗದ ನೋಡಿ ಖಾತ್ರಿ ಮಾಡಿಕೊಳ್ಳಿರಿ.

3. ನೋಡಿಕೊಳ್ಳಬೇಕೆಂಬ ಷರತ್ತು, ಜೀವಮಾನದ ವಾಸದ ಹಕ್ಕು ಪತ್ರದಲ್ಲೇ ಬರಲಿ. ಬಾಯಿಮಾತು ಬೇಡ.

4. ಹೆಂಡತಿಯ ಹೆಸರು ಮರೆಯಬೇಡಿರಿ. ಅಜ್ಜ ತೀರಿಕೊಂಡ ಮೇಲೆ ಒಬ್ಬಂಟಿಯಾಗುವವಳು ಅಜ್ಜಿ.

5. ಎಲ್ಲ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ, ಮೊದಲೇ ತಿಳಿಸಿರಿ. ಕದ್ದುಮುಚ್ಚಿ ಮಾಡಿದ ಪತ್ರವೇ ಹೆಚ್ಚಾಗಿ ಕೋರ್ಟಿಗೆ ಹೋಗುತ್ತದೆ.

6. ಬರೆಯುವ ಬಾಂಡ್ ರೈಟರು ಮಗನ ಗೆಳೆಯನಾಗಿದ್ದರೆ, ಬೇರೆ ವಕೀಲರಿಗೆ ಒಮ್ಮೆ ತೋರಿಸಿರಿ.

7. ನೋಂದಣಿಯಾದ ಪತ್ರದ ಒಂದು ಪ್ರತಿ ನಿಮ್ಮ ಟ್ರಂಕಿನಲ್ಲಿ ಇರಲಿ.

ಆತುರವಿಲ್ಲದಿದ್ದರೆ ಉಯಿಲು ಬರೆದಿಡುವುದೇ ಬಹಳ ಮನೆಗಳಿಗೆ ಸಾಕು. ಬದುಕಿರುವವರೆಗೆ ಹೊಲವೂ ಮನೆಯೂ ನಿಮ್ಮದೇ, ಮನಸ್ಸು ಬದಲಾದರೆ ಬರಹವೂ ಬದಲಾಗುತ್ತದೆ.

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ನಗುತ್ತ ಹೇಳುತ್ತೇವೆ. ಬಿಮ್ಸ್ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವರಿಗೆ ಅದು ನಗೆಯ ಮಾತಾಗಿರಲಿಲ್ಲ.

ಕನ್ನಡ ಓದಲು ಬರುವ ಮಕ್ಕಳೇ, ಈ ರವಿವಾರ ನಿಮಗೊಂದು ಕೆಲಸ. ಅಜ್ಜನ ಟ್ರಂಕಿನಲ್ಲಿರುವ ಕಾಗದಗಳನ್ನು ಅವರ ಅಪ್ಪಣೆ ಪಡೆದು ಹೊರತೆಗೆಯಿರಿ. ಅಜ್ಜ-ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿರಿ. ಅರ್ಥವಾಗದ ಪದಗಳನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಮುಂದಿನ ವಾರ ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗುವಾಗ ಆ ಹಾಳೆಯನ್ನು ಅಜ್ಜನ ಕಿಸೆಯಲ್ಲಿ ಇಡಿರಿ.